ಚೆಸ್ಟರ್ ಹಳ್ಳದ ಗುಂಟ ಮೂರು ದಿನ

ಅಪ್ಪ ಗದಗಿನ ಕಡೆಯವರು. ಎಪ್ಪತ್ತಾರು ವರ್ಷ. ಬುದ್ಧಿ ಬಂದಾಗಿನಿಂದ ಎರೆ ಹೊಲದಲ್ಲಿ ಹತ್ತಿ, ಕಡಲೆ, ಬಿಳಿಜೋಳ ಬೆಳೆದವರು. ಹೋದ ವರ್ಷ, 2025ರಲ್ಲಿ, ಆರು ತಿಂಗಳಿಗೆ ಅಂತ ನ್ಯೂಜೆರ್ಸಿಗೆ ನಮ್ಮ ಮನೆಗೆ ಬಂದಿದ್ದರು. ನಯಾಗರಾ ತೋರಿಸಿದೆ, ನ್ಯೂಯಾರ್ಕ್ ತೋರಿಸಿದೆ. ಎರಡನ್ನೂ ನೋಡಿ "ಛಲೋ ಅದ" ಅಂದು ಸುಮ್ಮನಾದರು.

ಅಕ್ಟೋಬರಿನ ಒಂದು ರಾತ್ರಿ ಊಟ ಮಾಡುವಾಗ ಜಾನ್ ಪ್ರೈಸ್ ಕ್ರೋಜರ್‌ನ ಕಥೆ ಹೇಳಿದೆ. ಹತ್ತೊಂಬತ್ತನೇ ಶತಮಾನದ ಹತ್ತಿ ಗಿರಣಿ ಮಾಲೀಕ. ಅವನು ಕಟ್ಟಿಸಿದ ಕಟ್ಟಡದಲ್ಲಿ, ಅವನ ಮನೆತನದ ದುಡ್ಡಿನಲ್ಲಿ, ಪಾದ್ರಿಗಳಾಗುವವರಿಗೆ ಒಂದು ಕಾಲೇಜು ಶುರುವಾಯಿತು. ಎಂಬತ್ತು ವರ್ಷದ ಮೇಲೆ ಅಲ್ಲಿಗೆ ಓದಲು ಬಂದ ಹತ್ತೊಂಬತ್ತರ ಹುಡುಗ ಮಾರ್ಟಿನ್ ಲೂಥರ್ ಕಿಂಗ್. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಪೆನ್ಸಿಲ್ವೇನಿಯಾದಾಗ ಹತ್ತಿ ಗಿರಣಿನ? ಇಷ್ಟು ಥಂಡಿ ಬೀಳ್ತದ. ಇಲ್ಲೆಲ್ಲಿ ಹತ್ತಿ ಬೆಳೀತಾರವ್ವಾ?"

ಆ ಪ್ರಶ್ನೆ ಹಿಡಿದುಕೊಂಡೇ ಶುಕ್ರವಾರ ಬೆಳಿಗ್ಗೆ ಹೊರಟೆವು. ಡಬ್ಬಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಬಾಟಲಿ ಕೆನೆಮೊಸರು.

ಮೊದಲ ದಿನ, ಶುಕ್ರವಾರ

ಎರಡು ಗಂಟೆಯೊಳಗೆ ಸ್ವಾರ್ತ್‌ಮೋರ್ ಮುಟ್ಟಿದೆವು. ಫಿಲಡೆಲ್ಫಿಯಾದ ಪಕ್ಕದ ಸಣ್ಣ ಊರು. ಇಲ್ಲಿಯ ಕಾಲೇಜಿನ ಇಡೀ ಆವರಣವೇ ಒಂದು ಸಸ್ಯತೋಟ. ಒಳಗೆ ಹೋಗಲು ಟಿಕೆಟ್ ಇಲ್ಲ. ಮರಮರಕ್ಕೂ ಹೆಸರಿನ ಪಟ್ಟಿ ಇದೆ. ಅಪ್ಪ ಒಂದೊಂದನ್ನೂ ನಿಂತು ನೋಡಿದ್ದರಿಂದ ಕಾಲು ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಅಕ್ಟೋಬರಿನಲ್ಲಿ ಬರುವವರು ಅಷ್ಟು ಪುರುಸೊತ್ತು ಇಟ್ಟುಕೊಂಡೇ ಬನ್ನಿ. ಕೆಂಪು, ಹಳದಿ, ತಾಮ್ರದ ಬಣ್ಣದ ಎಲೆ ಕಾಲಡಿಗೆ ಹಾಸಿರುತ್ತದೆ.

ಆ ಮರಗಳ ನಡುವೆ ಒಂದು ಹಳೆಯ ಕಲ್ಲಿನ ಮನೆ. ಬೆಂಜಮಿನ್ ವೆಸ್ಟ್ ಅನ್ನುವ ಚಿತ್ರಕಾರ 1738ರಲ್ಲಿ ಹುಟ್ಟಿದ್ದು ಇಲ್ಲಿ. ಮುಂದೆ ಲಂಡನ್ನಿನ ರಾಯಲ್ ಅಕಾಡೆಮಿಗೇ ಅಧ್ಯಕ್ಷನಾದವನು. ಐವತ್ತೈದು ವರ್ಷದ ಮೇಲೆ, 1793ರ ಜನವರಿ 13ರಂದು, ಇದೇ ಮನೆಯಲ್ಲಿ ಕ್ರೋಜರ್ ಹುಟ್ಟಿದ. ಆಗ ಕಾಲೇಜು ಇರಲಿಲ್ಲ. ಸುತ್ತ ಬರೀ ಹೊಲ. ಕ್ರೋಜರ್ ಒಕ್ಕಲುತನದ ಮನೆಯ ಹುಡುಗ ಅಂದದ್ದಕ್ಕೆ ಅಪ್ಪ ಮನೆಯ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿದರು. ಕ್ರೋಜರ್‌ನ ಬಗ್ಗೆ ಅವರಿಗೆ ಸ್ವಲ್ಪ ಅಕ್ಕರೆ ಹುಟ್ಟಿದ್ದು ಅಲ್ಲಿ.

ಮಧ್ಯಾಹ್ನ ಚೆಸ್ಟರ್ ಹಳ್ಳಕ್ಕೆ ಬಂದೆವು. ಇವರು ಅದನ್ನು ಕ್ರೀಕ್ ಅನ್ನುತ್ತಾರೆ. ನಮ್ಮ ಬೆಣ್ಣೆಹಳ್ಳ ನೋಡಿದವರು ಹಳ್ಳ ಅಂತಲೇ ಕರೀತಾರೆ ಬಿಡಿ. ಹಳ್ಳದ ಗುಂಟ ಮೊದಲು ಒಂದು ರೈಲು ದಾರಿ ಇತ್ತು. ಈಗ ಹಳಿ ಕಿತ್ತು, ಸುಮಾರು ನಾಲ್ಕೂವರೆ ಕಿಲೋಮೀಟರು ನಡೆಯುವ ಹಾದಿ ಮಾಡಿದ್ದಾರೆ. ಮಟ್ಟಸವಾಗಿದೆ. ವಯಸ್ಸಾದವರೂ ಆರಾಮಾಗಿ ನಡೆಯಬಹುದು. ರಾಕ್‌ಡೇಲ್, ಕ್ರೋಜರ್‌ವಿಲ್, ಲೆನಿ, ಎಲ್ಲವೂ ಒಂದು ಕಾಲದ ಗಿರಣಿ ಊರುಗಳು. ಕ್ರೋಜರ್ 1821ರಲ್ಲಿ ಹತ್ತಿ ನೂಲುವ ಕೆಲಸಕ್ಕೆ ಕೈ ಹಾಕಿದ. ಕೆಲವು ವರ್ಷದಲ್ಲಿ ಈ ಹಳ್ಳದ ಪಶ್ಚಿಮ ಕವಲಿಗೆ ಬಂದು ಗಿರಣಿ ಹೂಡಿದ. ಯಂತ್ರ ತಿರುಗಿಸಲು ನೀರೇ ಬೇಕಿತ್ತು. ಈ ಹಳ್ಳ ಎತ್ತರದಿಂದ ಬೇಗ ಬೇಗ ಇಳಿಯುತ್ತದೆ. ಅದಕ್ಕೇ ಎಲ್ಲರೂ ಇದರ ದಂಡೆ ಹಿಡಿದರು.

ಅಪ್ಪ ನೀರು ಮುಟ್ಟಬೇಕು ಅಂದರು. ಒಂದು ಕಲ್ಲಿನ ಮೇಲೆ ಕಾಲಿಟ್ಟು ಬಗ್ಗಿದರು. ಪಾಚಿ ಜಾರಿತು. ನಾನು ರಟ್ಟೆ ಹಿಡಿದುಕೊಂಡೆ, ಪುಣ್ಯಕ್ಕೆ ಬೀಳಲಿಲ್ಲ. ಎಡಗಾಲಿನ ಚಪ್ಪಲಿ ಮಾತ್ರ ನೀರುಪಾಲಾಯಿತು. ಊರಿನಲ್ಲಿ ಹೊಲಿಸಿದ ತೊಗಲಿನ ಚಪ್ಪಲಿ. ಅದು ತೇಲಿಕೊಂಡು ಹೊರಟದ್ದನ್ನು ಇಬ್ಬರೂ ನೋಡುತ್ತಾ ನಿಂತೆವು.

ಕೆಳಗೆ ಮೊಣಕಾಲುದ್ದ ನೀರಿನಲ್ಲಿ ಒಬ್ಬ ಮುದುಕ ಟ್ರೌಟ್ ಮೀನಿಗೆ ಗಾಳ ಹಾಕಿಕೊಂಡು ನಿಂತಿದ್ದ. ಗಾಳದ ಕೋಲಿನಿಂದಲೇ ಚಪ್ಪಲಿ ಎಳೆದು ದಂಡೆಗೆ ತಂದುಕೊಟ್ಟ. ಮಾತು ಅಲ್ಲಿಂದ ಶುರು. ಅವನ ಅಜ್ಜಿಯ ಅಮ್ಮ ಇಲ್ಲೇ ಗಿರಣಿಯಲ್ಲಿ ನೂಲಿನ ಎಳೆ ಕೂಡಿಸುವ ಕೆಲಸ ಮಾಡುತ್ತಿದ್ದಳಂತೆ. ಎಂಟೋ ಒಂಬತ್ತೋ ವರ್ಷಕ್ಕೆ ಸೇರಿದ್ದು. "ಬೆರಳು ಸಣ್ಣವು ಅಲ್ವಾ, ಕಡಿದ ಎಳೆ ಹಿಡಿಯಲು ಮಕ್ಕಳೇ ಬೇಕಿತ್ತು" ಅಂದ. ಪೆನ್ಸಿಲ್ವೇನಿಯಾದಲ್ಲಿ ದಿನಕ್ಕೆ ಹತ್ತು ಗಂಟೆ ಕೆಲಸ ಅನ್ನುವ ಕಾನೂನು ಬಂದದ್ದು 1848ರಲ್ಲಿ. ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ನೂಲಿನ ಗಿರಣಿಗೆ ಸೇರಿಸಬಾರದು ಅಂದದ್ದೂ ಆ ಕಾನೂನೇ. ಈ ಹಳ್ಳದ ಗಿರಣಿಗಳ ಕೂಲಿಯವರು ಅದಕ್ಕೂ ಮೊದಲೇ, 1836ರಲ್ಲಿ ಮತ್ತು 1842ರಲ್ಲಿ, ಕೆಲಸ ನಿಲ್ಲಿಸಿ ಹೊರಗೆ ಬಂದಿದ್ದರು.

ಅಪ್ಪ ತಮ್ಮ ಪ್ರಶ್ನೆ ಕೇಳಲು ಹೇಳಿದರು. ನಾನು ಕೇಳಿದೆ: ಹತ್ತಿ ಎಲ್ಲಿಂದ ಬರುತ್ತಿತ್ತು? ಮುದುಕ ಕೈಯೆತ್ತಿ ದಕ್ಷಿಣಕ್ಕೆ ತೋರಿಸಿದ. "ಅಲ್ಲಿಂದ. ಹಡಗಿನಲ್ಲಿ ಫಿಲಡೆಲ್ಫಿಯಾಕ್ಕೆ. ಅಲ್ಲಿಂದ ಗಾಡಿಯಲ್ಲಿ ಇಲ್ಲಿಗೆ. ಯಾರು ಬಿಡಿಸಿದ್ದು ಅಂತ ನಿಮಗೆ ಗೊತ್ತು."

ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಗುಲಾಮರು. ಅವರು ಚಪ್ಪಲಿ ಒಣಗಲು ಕಲ್ಲಿನ ಮೇಲಿಟ್ಟು ತುಂಬ ಹೊತ್ತು ಕೂತರು. ಹತ್ತಿ ಬಿಡಿಸುವುದು ಏನು ಅಂತ ಅವರಿಗೆ ಗೊತ್ತು. ಒಣಗಿದ ಕಾಯಿಯ ತುದಿ ಉಗುರುಸಂದಿಗೆ ಚುಚ್ಚಿ ರಕ್ತ ಬರುತ್ತದೆ. ಬೆನ್ನು ಬಗ್ಗಿಸಿದ್ದು ಸಂಜೆತನಕ ನೆಟ್ಟಗಾಗುವುದಿಲ್ಲ.

ಆ ಸಂಜೆ ಮೋಟೆಲ್ಲಿನಲ್ಲಿ ಅಪ್ಪನಿಗೆ ಇನ್ನೊಂದು ವಿಷಯ ಹೇಳಿದೆ. 1861ರಲ್ಲಿ ಇಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಕಟ್ಟಿಹೋದವು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತುಹೋಯಿತು. ಆಗ ಅವರು ತಿರುಗಿ ನೋಡಿದ್ದು ನಮ್ಮ ಧಾರವಾಡದ ಕಡೆಗೆ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ನ್ಯೂ ಆರ್ಲಿಯನ್ಸ್‌ನ ಬೀಜ ತಂದು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿದ್ದರು. ಗದಗ ಆಗ ಆ ಜಿಲ್ಲೆಯೊಳಗೇ ಇತ್ತು. ಯುದ್ಧದ ವರ್ಷಗಳಲ್ಲಿ ಅದರ ಬೆಲೆ ಆಕಾಶಕ್ಕೆ ಏರಿತು. ನಮ್ಮ ಹತ್ತಿ ಸಾಗಿಸಲೆಂದೇ ಕಾರವಾರ ಬಂದರನ್ನು ಬೆಳೆಸಿದರು.

"ವಿಲಾಯತಿ ಹತ್ತಿ ಅಂತಿದ್ರು" ಅಂದರು ಅಪ್ಪ. "ನಮ್ಮಜ್ಜ ಅನ್ನಾಂವ. ಜವಾರಿ ಬ್ಯಾರೆ, ವಿಲಾಯತಿ ಬ್ಯಾರೆ ಅಂತ. ಆ ಬೀಜ ಇಲ್ಲಿಂದ್ರ?"

ಹೊರಗೆ ಮಳೆ ಹಿಡಿಯಿತು. ರಾತ್ರಿಯಿಡೀ ಸುರಿಯಿತು.

ಎರಡನೇ ದಿನ, ಶನಿವಾರ

ಬೆಳಿಗ್ಗೆ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ನಿನ್ನೆ ಅಪ್ಪ ನಿಂತಿದ್ದ ಕಲ್ಲು ಕಾಣಲಿಲ್ಲ. 1843ರ ಆಗಸ್ಟ್ 5ರಂದು ಈ ಹಳ್ಳ ಹೀಗೇ ಏರಿ, ಆ ದಿನ ಸೇತುವೆ, ಗಿರಣಿ, ಮನೆ, ಜನ ಎಲ್ಲ ಕೊಚ್ಚಿಕೊಂಡು ಹೋಯಿತು. ಕ್ರೋಜರ್‌ಗೂ ದೊಡ್ಡ ಪೆಟ್ಟು ಬಿತ್ತು. ಅವನು ಕೈಚೆಲ್ಲಲಿಲ್ಲ. ಎರಡೇ ವರ್ಷದಲ್ಲಿ ಹಳ್ಳದ ಕೆಳಭಾಗದಲ್ಲಿ ಚೆಸ್ಟರ್ ಪಟ್ಟಣದ ಹತ್ತಿರ ಹೊಸ ಜಾಗ ಕೊಂಡು ಇನ್ನೂ ದೊಡ್ಡ ಗಿರಣಿ ಕಟ್ಟಿದ. ಆ ಊರೇ ಅಪ್‌ಲ್ಯಾಂಡ್.

ಅಪ್‌ಲ್ಯಾಂಡಿಗೆ ಹೋಗುವವರು ಕೇಲಬ್ ಪ್ಯೂಸಿ ಮನೆಗೆ ಮೊದಲೇ ಫೋನ್ ಮಾಡಿ ಹೋಗಿ. ನಾವು ಮಾಡಿರಲಿಲ್ಲ, ಬಾಗಿಲು ಹಾಕಿತ್ತು. ಪೆನ್ಸಿಲ್ವೇನಿಯಾ ಹುಟ್ಟುಹಾಕಿದ ವಿಲಿಯಂ ಪೆನ್‌ನ ಹಿಟ್ಟಿನ ಗಿರಣಿ ನೋಡಿಕೊಳ್ಳುತ್ತಿದ್ದವನ ಮನೆ ಇದು. 1683ರದ್ದು. ಪೆನ್ ಸ್ವತಃ ಬಂದುಹೋಗುತ್ತಿದ್ದ ಜಾಗ. ಪಕ್ಕದಲ್ಲೇ ಒಂದು ಪುಟ್ಟ ಶಾಲೆಯ ಕಟ್ಟಡ. ಅದನ್ನು 1849ರಲ್ಲಿ ಕಟ್ಟಿಸಿದವನು ಕ್ರೋಜರ್. ಕಿಟಕಿಗೆ ಮುಖ ಒತ್ತಿ ಒಳಗೆ ನೋಡಿದೆವು, ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಮಕ್ಕಳನ್ನು ಗಿರಣಿಗೆ ಕಳಿಸಬೇಡಿ ಅಂತ ಕಾನೂನು ಬಂದ ಮರುವರ್ಷವೇ ಶಾಲೆ! ನನಗೆ ಆ ಎರಡು ಇಸವಿ ಪಕ್ಕಪಕ್ಕ ಕಂಡು ಒಳಗೆಲ್ಲೋ ಕಲಕಿದಂತಾಯಿತು.

ಗಿರಣಿಗಳು ಈಗ ಇಲ್ಲ. ಕೂಲಿಯವರ ಸಾಲುಮನೆಗಳಿರುವ ಬೀದಿಗಳು ಇವೆ. ಗುಡ್ಡದ ಕಡೆ ಕ್ರೋಜರ್ ಕಟ್ಟಿಸಿದ ಬ್ಯಾಪ್ಟಿಸ್ಟ್ ಚರ್ಚು ಇದೆ. ಮನೆ ಅವನದು, ಶಾಲೆ ಅವನದು, ಚರ್ಚು ಅವನದು, ಗಿರಣಿಯಂತೂ ಅವನದೇ. ಕೂಲಿಯವರು ಹುಟ್ಟಿದಾಗಿನಿಂದ ಸಾಯುವತನಕ ಅವನ ಕಣ್ಣೆದುರಿಗೇ ಬದುಕಬೇಕಿತ್ತು. ಕೊನೆಗೆ 1866ರ ಮಾರ್ಚ್ 11ರಂದು ಅವನೂ ತೀರಿಕೊಂಡು ಇದೇ ಚರ್ಚಿನ ಸ್ಮಶಾನಕ್ಕೆ ಬಂದ. ಮಳೆಯಲ್ಲಿ ಕೊಡೆ ಹಿಡಿದು ಸಮಾಧಿಗಳ ನಡುವೆ ಸುತ್ತಿದೆವು. ಹಳೆಯ ಕಲ್ಲುಗಳ ಅಕ್ಷರ ಕೈಯಾಡಿಸಿದರೆ ಮಾತ್ರ ಗೊತ್ತಾಗುತ್ತವೆ.

ಅಲ್ಲಿಂದ ಮುಖ್ಯ ಜಾಗಕ್ಕೆ ಹೋದೆವು. ಓಲ್ಡ್ ಮೇನ್, ಕಿಂಗ್ ಓದಿದ ಕಾಲೇಜು ಇದ್ದ ಕಟ್ಟಡ. ಮೂರಂತಸ್ತಿನ ಉದ್ದನೆಯದು, ನಡುವೆ ಒಂದು ಪುಟ್ಟ ಗೋಪುರ. ಅದರ ಸುತ್ತ ಬೆಳೆದಿದ್ದ ದೊಡ್ಡ ಆಸ್ಪತ್ರೆ ಆ ವರ್ಷದ ಮೇ ತಿಂಗಳಲ್ಲಿ ಮುಚ್ಚಿತ್ತು. ಹಾಗಾಗಿ ಇಡೀ ಆವರಣ ಬಿಕೋ ಅನ್ನುತ್ತಿತ್ತು. ನಿಲ್ಲಿಸಲು ಸಾವಿರ ಕಾರಿನ ಜಾಗ, ಒಂದೂ ಕಾರಿಲ್ಲ. ಕಾವಲಿನವನು ಬಂದು ಏನು ಬೇಕು ಅಂದ. ಹೇಳಿದೆ. ಒಳಗೆ ಬಿಡುವ ಹಾಗಿಲ್ಲ, ದೂರದಿಂದ ಎಷ್ಟು ಹೊತ್ತಾದರೂ ನೋಡಿ ಅಂದ. ಅವನ ತಾಯಿ ಮೂವತ್ತು ವರ್ಷ ಅಲ್ಲೇ ನರ್ಸಾಗಿದ್ದಳಂತೆ. "ಈಗ ಎದೆನೋವು ಬಂದರೆ ನಮ್ಮ ಜನ ಎಲ್ಲಿಗೆ ಹೋಗಬೇಕು?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಕಟ್ಟಡದ ಕಥೆ ಅಪ್ಪನಿಗೆ ಕಾರಿನೊಳಗೆ ಕೂತೇ ಹೇಳಿದೆ. ಕ್ರೋಜರ್ ಇದನ್ನು 1857ರ ಹೊತ್ತಿಗೆ ಶಿಕ್ಷಕರನ್ನು ತಯಾರು ಮಾಡುವ ಶಾಲೆಗೆಂದು ಕಟ್ಟಿಸಿದ. ಅದು ಬಹಳ ದಿನ ನಡೆಯಲಿಲ್ಲ. ಯುದ್ಧ ಬಂತು. 1862ರಲ್ಲಿ ಇದು ಸೈನಿಕರ ಆಸ್ಪತ್ರೆಯಾಯಿತು. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ಗಾಯಾಳುಗಳನ್ನು ಇಲ್ಲಿಗೆ ತಂದು ತುಂಬಿದರು. ದಕ್ಷಿಣದ ಸೈನ್ಯದ ಸೆರೆಯಾಳುಗಳೂ ಬಂದರು. ಎಷ್ಟೋ ಜನ ಇಲ್ಲೇ ಸತ್ತರು. ಯುದ್ಧದ ನಂತರ ಸ್ವಲ್ಪ ಕಾಲ ಒಂದು ಸೈನಿಕ ಶಾಲೆ ಇತ್ತು.

ಕ್ರೋಜರ್ ಸತ್ತ ಮೇಲೆ ಅವನ ಹೆಂಡತಿ, ಮಕ್ಕಳು ಸೇರಿ ಕಟ್ಟಡ, ಭೂಮಿ, ದೊಡ್ಡ ನಿಧಿ ಎಲ್ಲವನ್ನೂ ಅವನ ನೆನಪಿಗೆ ಬ್ಯಾಪ್ಟಿಸ್ಟ್ ಪಾದ್ರಿಗಳ ಕಾಲೇಜಿಗೆ ಕೊಟ್ಟರು. 1867ರಲ್ಲಿ ಸನದು ಸಿಕ್ಕಿತು. 1868ರಲ್ಲಿ ಪಾಠ ಶುರುವಾಯಿತು. ಅದೇ ಕ್ರೋಜರ್ ಥಿಯಲಾಜಿಕಲ್ ಸೆಮಿನರಿ. ಹೆನ್ರಿ ವೆಸ್ಟನ್ ಅನ್ನುವವರು ಮೊದಲ ಅಧ್ಯಕ್ಷರಾಗಿ ನಲವತ್ತು ವರ್ಷ ಇದ್ದರು. ಮಗಳು ಮಾರ್ಗರೆಟ್‌ಳ ಗಂಡ ವಿಲಿಯಂ ಬಕ್ನೆಲ್. ಇವತ್ತಿನ ಬಕ್ನೆಲ್ ವಿಶ್ವವಿದ್ಯಾಲಯಕ್ಕೆ ಅವನದೇ ಹೆಸರು. ಒಂದೇ ಮನೆತನದ ಮಾವ, ಅಳಿಯ ಇಬ್ಬರೂ ವಿದ್ಯೆಗೆ ದುಡ್ಡು ಸುರಿದರು.

1948ರಲ್ಲಿ ಕಿಂಗ್ ಅಟ್ಲಾಂಟಾದಿಂದ ಇಲ್ಲಿಗೆ ಬಂದರು. ಹೆಚ್ಚಿನವರು ಬಿಳಿಯರು, ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆ. ಒಮ್ಮೆ ದಕ್ಷಿಣದಿಂದ ಬಂದಿದ್ದ ಬಿಳಿ ಹುಡುಗನೊಬ್ಬ ಕೋಪದಲ್ಲಿ ಪಿಸ್ತೂಲು ಹಿಡಿದು ಕಿಂಗ್ ಎದುರಿಗೆ ನಿಂತ. ಕಿಂಗ್ ದೂರು ಕೊಡಲಿಲ್ಲ. ಆಮೇಲೆ ಇಬ್ಬರೂ ಸ್ನೇಹಿತರಾದರು. ಮೂರು ವರ್ಷದಲ್ಲಿ ಕಿಂಗ್ ವಿದ್ಯಾರ್ಥಿಗಳ ಅಧ್ಯಕ್ಷರಾದರು. 1951ರಲ್ಲಿ ತರಗತಿಗೇ ಮೊದಲಿಗರಾಗಿ ಹೊರಬಂದರು. ಬಾಸ್ಟನ್ನಿನಲ್ಲಿ ಡಾಕ್ಟರೇಟ್ ಓದಲು ಅವರಿಗೆ ಸಿಕ್ಕ ವಿದ್ಯಾರ್ಥಿವೇತನದ ಹೆಸರು ಜೆ. ಲೂಯಿಸ್ ಕ್ರೋಜರ್ ಫೆಲೋಶಿಪ್. ಈ ಲೂಯಿಸ್, ಗಿರಣಿ ಕ್ರೋಜರ್‌ನ ಮಗ.

"ಅಂದ್ರ ಹತ್ತಿ ರೊಕ್ಕನ" ಅಂದರು ಅಪ್ಪ.

ಹೌದು, ಹತ್ತಿ ರೊಕ್ಕವೇ. ನನಗೆ ಕ್ರೋಜರ್ ಕೆಟ್ಟವನು ಅಂತ ಅನ್ನಿಸಲಿಲ್ಲ. ದುಡ್ಡು ಬಂದಷ್ಟೂ ದೇವರಿಗೆ ಏನು ಉತ್ತರ ಕೊಡಲಿ ಅಂತ ಅಂಜಿದ ಮನುಷ್ಯ. ಯುದ್ಧದಲ್ಲಿ ಸೈನಿಕರ ಸೇವೆಗೆ ಓಡಾಡಿದವನು. ಅವನು ಸತ್ತ ಮೇಲೆ ದಕ್ಷಿಣದ ಕಪ್ಪು ಜನರ ನಡುವಿನ ಕೆಲಸಕ್ಕೂ ಮನೆಯವರು ಹಣ ತೆಗೆದಿಟ್ಟರು. ಆದರೆ ಆ ನಿಧಿಗೆ ಮೊದಲ ಪಾಲು ಹಾಕಿದವರು ಯಾರು? ಜಾರ್ಜಿಯಾದಲ್ಲಿ, ಅಲಬಾಮಾದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಒಂದು ಪೈಸೆ ಕೂಲಿ ಕಾಣದೆ ಹತ್ತಿ ಬಿಡಿಸಿದವರು. ದಾನಿಯ ಹೆಸರು ಆಸ್ಪತ್ರೆಗಿತ್ತು, ಕಾಲೇಜಿಗಿತ್ತು, ಊರಿಗೂ ಇತ್ತು. ಅವರ ಹೆಸರು ಆ ಗುಡ್ಡದ ಮೇಲೆ ನನಗೆಲ್ಲೂ ಕಾಣಲಿಲ್ಲ. ಕಾಣಬೇಕಿತ್ತು. ಕಿಂಗ್ ಆ ಜನರ ಕುಲದಲ್ಲೇ ಹುಟ್ಟಿದವರು. ಅವರು ಇಲ್ಲಿ ಓದಿದ್ದನ್ನು ನಾನು ದಾನ ಅಂತ ಕರೆಯಲಾರೆ. ಬಾಕಿ ಇದ್ದ ಕೂಲಿಯಲ್ಲಿ ಒಂದು ಚೂರು ಮನೆಯ ಮಗನ ಕೈ ಸೇರಿತು, ಅಷ್ಟೇ.

ಸೆಮಿನರಿ 1970ರಲ್ಲಿ ರಾಚೆಸ್ಟರ್‌ಗೆ ಹೋಗಿ ಇನ್ನೊಂದು ಕಾಲೇಜಿನ ಜೊತೆ ಸೇರಿತು. ಈ ಗುಡ್ಡದ ಮೇಲೆ ಉಳಿದದ್ದು ಕಟ್ಟಡ.

ಹಸಿವಾಗಿತ್ತು. ರೊಟ್ಟಿ ನಿನ್ನೆಯೇ ಅರ್ಧ ಖಾಲಿ. ಚೆಸ್ಟರ್ ಪಟ್ಟಣದಲ್ಲಿ ಸಣ್ಣ ಅಂಗಡಿಗೆ ನುಗ್ಗಿದೆವು. ಈ ಕಡೆ ಉದ್ದನೆಯ ಬನ್ನಿನ ಸ್ಯಾಂಡ್‌ವಿಚ್‌ಗೆ ಹೋಗಿ ಅಂತಾರೆ. ಅಪ್ಪನಿಗೆ ಹೆಸರು ಕೇಳಿಯೇ ನಗು. "ಹೋಗಿ ತಿಂದು ಹೋಗೂಣು" ಅಂದರು. ಮಾಂಸ ಬೇಡ, ಹುರಿದ ಮೆಣಸಿನಕಾಯಿ, ಪಾಲಕ್, ಚೀಸ್ ಹಾಕಿ ಅಂದರೆ ಎಲ್ಲ ಕಡೆ ಮಾಡಿಕೊಡುತ್ತಾರೆ. ಅಂಗಡಿಯ ಹೆಂಗಸು ನಾವು ಯಾಕೆ ಬಂದೆವು ಅಂತ ವಿಚಾರಿಸಿ, ಕ್ಯಾಲ್ವರಿ ಬ್ಯಾಪ್ಟಿಸ್ಟ್ ಚರ್ಚು ನೋಡಲೇಬೇಕು ಅಂದಳು. ಅಲ್ಲಿಯ ಪಾದ್ರಿ ಜೆ. ಪಯಸ್ ಬಾರ್ಬರ್ ಕೂಡ ಕ್ರೋಜರ್‌ನಲ್ಲೇ ಓದಿದವರು. ಕಿಂಗ್ ಮನೆ ನೆನಪಾದಾಗಲೆಲ್ಲ ಅವರ ಮನೆಗೆ ಊಟಕ್ಕೆ ಹೋಗುತ್ತಿದ್ದರು. ಊಟದ ಮೇಲೆ ಗಂಟೆಗಟ್ಟಲೆ ವಾದ. "ಅವರು ನಮ್ಮ ಹುಡುಗ" ಅಂದಳು ಆಕೆ, ಬನ್ನಿನ ಮೇಲೆ ಕಾಗದ ಸುತ್ತುತ್ತಾ. "ಚೆಸ್ಟರ್ ಉಣ್ಣಿಸಿ ಬೆಳೆಸಿದ ಹುಡುಗ."

ಹೊತ್ತು ಮುಳುಗುವ ಮೊದಲು ಚರ್ಚಿನ ಮುಂದೆ ಹತ್ತು ನಿಮಿಷ ನಿಂತು ಬಂದೆವು.

ಮೂರನೇ ದಿನ, ಭಾನುವಾರ

ಮಳೆ ನಿಂತು ಬಿಸಿಲು ಬಿದ್ದಿತ್ತು. ಫಿಲಡೆಲ್ಫಿಯಾದ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಗೆ ಹೋದೆವು. ಆಮಿಶ್ ಅನ್ನುವ ಹಳೆಯ ಪದ್ಧತಿಯ ಕ್ರೈಸ್ತ ಪಂಗಡದ ಹೆಣ್ಣುಮಕ್ಕಳು ಬಿಸಿಬಿಸಿ ಪ್ರೆಟ್ಜೆಲ್ ಸುಡುವುದನ್ನು ಅಪ್ಪನಿಗೆ ತೋರಿಸಬೇಕು ಅಂತ ನನ್ನ ಆಸೆ. ಭಾನುವಾರ ಅವರು ಅಂಗಡಿ ತೆರೆಯುವುದಿಲ್ಲ ಅನ್ನುವುದು ಮರೆತುಹೋಗಿತ್ತು. ನೀವು ಹೋಗುವುದಾದರೆ ಶನಿವಾರದೊಳಗೆ ಹೋಗಿ. ನಾವು ಬೇರೆ ಕಡೆ ಕಾಫಿ ಕುಡಿದು ಹೊರಟೆವು.

ಇದೇ ನಗರದಲ್ಲಿ 1950ರಲ್ಲಿ ಒಂದು ಭಾನುವಾರ ಕಿಂಗ್ ಫೆಲೋಶಿಪ್ ಹೌಸ್ ಅನ್ನುವಲ್ಲಿ ಭಾಷಣ ಕೇಳಲು ಬಂದಿದ್ದರು. ಮಾತಾಡಿದವರು ಹೊವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಮೊರ್ಡಕೈ ಜಾನ್ಸನ್. ಆಗಷ್ಟೇ ಭಾರತ ಸುತ್ತಿ ಬಂದಿದ್ದರು. ಗಾಂಧಿಯ ಬಗ್ಗೆ ಮಾತಾಡಿದರು. ಕಿಂಗ್‌ಗೆ ಮೈ ಜುಮ್ಮೆಂದು, ಹೊರಗೆ ಬಂದವರೇ ಗಾಂಧಿಯ ಬಗ್ಗೆ ಅರ್ಧ ಡಜನ್ ಪುಸ್ತಕ ಕೊಂಡರು. ಒಂಬತ್ತು ವರ್ಷದ ಮೇಲೆ, 1959ರಲ್ಲಿ, ಅವರೇ ಭಾರತಕ್ಕೆ ಬಂದರು. ಆ ಸುತ್ತಾಟದಲ್ಲಿ ಬೆಂಗಳೂರನ್ನೂ ನೋಡಿದರು.

ಅಪ್ಪ ಆ ದಿನ ಖಾದಿ ಜುಬ್ಬಾ ಹಾಕಿದ್ದರು. ಗರಗದಲ್ಲಿ ನೇಯ್ದ ಬಟ್ಟೆ. ರಾಷ್ಟ್ರಧ್ವಜದ ಬಟ್ಟೆ ನೇಯುವ ಊರು ಅದು. ಕಥೆ ಕೇಳುತ್ತಾ ತೋಳಿನ ಅಂಚು ಹಿಡಿದು, ಎರಡು ಬೆರಳಲ್ಲಿ ಎಳೆ ಉಜ್ಜುತ್ತಿದ್ದರು. ಅರಳೆಯ ಗುಣ ನೋಡುವಾಗ ಅವರು ಯಾವಾಗಲೂ ಮಾಡುವ ಹಾಗೆ.

ಕೊನೆಯದಾಗಿ ನಗರದ ಉತ್ತರಕ್ಕಿರುವ ರಾಷ್ಟ್ರೀಯ ಸೈನಿಕ ಸ್ಮಶಾನ. ಓಲ್ಡ್ ಮೇನ್‌ನಲ್ಲಿ ಸತ್ತ ದಕ್ಷಿಣದ ಸೈನಿಕರನ್ನು ಮೊದಲು ಚೆಸ್ಟರ್‌ನಲ್ಲಿ ಹೂಳಿ, ಆಮೇಲೆ ಇಲ್ಲಿಗೆ ತಂದರು. ಬೆಳಗಿನಿಂದ ಸಂಜೆತನಕ ಗೇಟು ತೆರೆದಿರುತ್ತದೆ. ನಾವು ಹೋದಾಗ ಇನ್ನಾರೂ ಇರಲಿಲ್ಲ. ಹುಲ್ಲು ಒದ್ದೆಯಿತ್ತು. ಬಿಳಿ ಕಲ್ಲುಗಳು ಸಾಲಾಗಿ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. ಎಡಗಾಲಿನದು ಇನ್ನೂ ಪೂರ್ತಿ ಒಣಗಿರಲಿಲ್ಲ.

ಇವರು ಗುಲಾಮಗಿರಿ ಉಳಿಸಲು ಕಾದಾಡಿದ ಕಡೆಯವರು ಅಂತ ಹೇಳಿದೆ. ಅಪ್ಪ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಆ ಕಿಂಗನ ಅಜ್ಜ ಏನ್ ಮಾಡ್ತಿದ್ದ?" ಅಂದರು.

"ತಂದೆಯ ತಂದೆನಾ? ಜಾರ್ಜಿಯಾದಲ್ಲಿ ಪಾಲಿಗೆ ಹೊಲ ಮಾಡ್ತಿದ್ದರು. ಹೊಲ ಧಣಿಯದು, ದುಡಿತ ಇವರದು."

"ಕೋರಪಾಲು ಅನ್ನು" ಅಂದರು ಅಪ್ಪ. "ನಮ್ಮಜ್ಜಂದೂ ಅದ. ಬಿಡಿಸಿದ್ದರಾಗ ಅರ್ಧ ಧಣಿ ಮನಿಗೆ ಹೊತ್ತು ಹಾಕಿ ಬರಬೇಕು. ಹೊರೂದೂ ನಾವ."

ಕಾರಿನಲ್ಲಿ ಉಳಿದಿದ್ದು ಎರಡು ರೊಟ್ಟಿ. ಅವರು ಒಂದು, ನಾನು ಒಂದು ತಿಂದೆವು. ಚಟ್ನಿ ಮುಗಿದಿತ್ತು. ಡೆಲಾವೇರ್ ನದಿ ದಾಟುವಾಗ ಅಪ್ಪ ಕಿಟಕಿಯ ಗಾಜು ಇಳಿಸಿ, ಕೆಳಗೆ ಹಡಗು ಹೋಗುವುದನ್ನು ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿದರು.